ಎಮ್ಮೆ ಕಟ್ಟುತ್ತಿದ್ದ ಜಾಗ

ನಮ್ಮ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಈಗ ಮಿಲ್ಲಿಂಗ್ ಮಷೀನು ನಿಂತಿದೆಯಲ್ಲ, ಅದು ನನ್ನ ಎಮ್ಮೆ ನಿಲ್ಲುತ್ತಿದ್ದ ಜಾಗ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬಂದವರೆಲ್ಲ ಮಷೀನನ್ನು ಹೊಗಳಿ ಚಹಾ ಕುಡಿದು ಹೋಗುತ್ತಾರೆ, ಎಮ್ಮೆಯ ಸುದ್ದಿ ಯಾರೂ ಕೇಳುವುದಿಲ್ಲ. ಬಂಗಾರದಂಥ ಎಮ್ಮೆ. ಎರಡು ಹೊತ್ತೂ ಚರಿಗೆ ತುಂಬ ಹಾಲು ಕೊಡುತ್ತಿತ್ತು, ಒಂದು ದಿನವೂ ಒದ್ದದ್ದಿಲ್ಲ. ಅದನ್ನು ಯಲಬುರ್ಗಾದ ನನ್ನ ತಂಗಿಯ ಮನೆಗೆ ಕಳಿಸಿ, ಮೇವು ಹಾಕುವ ಗೋದಲಿ ಒಡೆದು, ನೆಲಕ್ಕೆ ಕಾಂಕ್ರೀಟು ಹಾಕಿಸಿ, ನಮ್ಮ ಮನೆಯವರು ಅಲ್ಲಿ ಈ ಕಬ್ಬಿಣದ ರಾಶಿಯನ್ನು ತಂದು ನಿಲ್ಲಿಸಿದರು.

ನಮ್ಮ ಮನೆಯವರು, ಸಿದ್ದೇಶ, ಅಂದರೆ ಗಂಗಾವತಿಯ ರೈಸ್ ಮಿಲ್ಲಿನವರಿಗೆಲ್ಲ ಗೊತ್ತು. ಬೆಲ್ಟು ಹರಿಯಲಿ, ಬೇರಿಂಗು ಕೂಗಲಿ, ಫೋನು ಬರುವುದು ಇವರಿಗೇ. ಆದರೆ ಕೆಲಸ ಮಾಂತೇಶಪ್ಪನವರ ವರ್ಕ್‌ಶಾಪಿನಲ್ಲಿ. ಮದುವೆಯಾದಾಗಿನಿಂದ ನೋಡುತ್ತಿದ್ದೇನೆ, ಇವರಿಗೆ ಇದ್ದ ಆಸೆ ಒಂದೇ, ಉಕ್ಕಿನಲ್ಲಿ ಹಲ್ಲು ಕೊರೆದು ಗೇರು ಕಡಿಯುವುದನ್ನು ಕಲಿಯಬೇಕು. ಮಾಂತೇಶಪ್ಪನವರು ಅದನ್ನು ಕಡಿಯುವ ಮಿಲ್ಲಿಂಗ್ ಮಷೀನಿನ ಹತ್ತಿರಕ್ಕೂ ಯಾರನ್ನೂ ಬಿಡುತ್ತಿರಲಿಲ್ಲ. ಕಲಿತವನು ನಾಳೆ ಎದುರಿಗೇ ಅಂಗಡಿ ತೆರೆದಾನು ಎಂಬ ಭಯ. ಅದನ್ನು ಹಾಗೆಂದೇ ಹೇಳಿದ್ದರೆ ಇವರು ಸುಮ್ಮನಿದ್ದುಬಿಡುತ್ತಿದ್ದರು. ಒಂದು ದಿನ ಎಲ್ಲರ ಎದುರಿಗೆ ಅವರು ಹೇಳಿದ್ದೇ ಬೇರೆ.

"ನಿನ್ನ ಕೈ ಪಾನಾ ಹಿಡಿಯೂ ಕೈ, ಸಿದ್ದೇಶ. ಗೇರ್ ಕಡಿಯೂದು ಲೆಕ್ಕದ ಕೆಲಸ. ನಿಮ್ಮಪ್ಪ ಭತ್ತ ಅಳಕೋತ ಹೋದ, ನೀ ಬೋಲ್ಟ್ ಬಿಗಕೋತ ಇರು."

ಪಾನಾ ಅಂದರೆ ನಟ್ಟು ಬೋಲ್ಟು ಬಿಗಿಯುವ ಸ್ಪ್ಯಾನರು. ತೀರಿಹೋದ ನಮ್ಮ ಮಾವ ಕಣದಲ್ಲಿ ಭತ್ತದ ರಾಶಿ ಅಳೆಯುತ್ತಿದ್ದರು. ಅವರು ಅಳೆದ ರಾಶಿಯನ್ನು ಎರಡನೇ ಸಲ ಅಳೆಸಿದವರಿಲ್ಲ. ಅಂಥವರ ಹೆಸರು ಹೀಗೆ ಎತ್ತಿದ್ದು ಇವರಿಗೆ ಎದೆಗೆ ನಾಟಿತು. ಅವತ್ತು ಮನೆಗೆ ಬಂದು ಊಟವನ್ನೂ ಮಾಡಲಿಲ್ಲ, ಮರುದಿನದಿಂದ ಕೆಲಸಕ್ಕೂ ಹೋಗಲಿಲ್ಲ. ಮರುವಾರ ಕೊಪ್ಪಳದಲ್ಲಿ ಮುಚ್ಚಿಹೋದ ಯಾವುದೋ ವರ್ಕ್‌ಶಾಪಿನ ಮಷೀನು ಗುಜರಿ ಮುನ್ನಿಯ ಅಂಗಡಿಗೆ ಬಂದಿದೆಯೆಂದು ತಿಳಿದು, ನನ್ನನ್ನೂ ಕರೆದುಕೊಂಡು ಹೋಗಿ ಎತ್ತಿಕೊಂಡು ಬಂದರು. ಮಷೀನಿನ ಜೊತೆಗೆ ಒಂದು ಗೋಣಿಚೀಲದ ತುಂಬ ಬಿಡಿ ಸಾಮಾನು. ಯಾವುದು ಯಾವುದಕ್ಕೆ ಎಂದು ಮುನ್ನಿಗೂ ಗೊತ್ತಿರಲಿಲ್ಲ, ಇವರಿಗೂ ಗೊತ್ತಿರಲಿಲ್ಲ.

ಲಾರಿಯಿಂದ ಮಷೀನು ಇಳಿಸುವಾಗ ಮಾಂತೇಶಪ್ಪನವರು ಮೋಟರ್ ಸೈಕಲ್ ಮೇಲೆ ಬಂದು ಓಣಿಯ ಬಾಯಲ್ಲೇ ನಿಂತರು. ಸಿಗರೇಟು ಹಚ್ಚಿದರು. "ಎಮ್ಮಿ ಕೊಟ್ಟು ಗುಜರಿ ತಂದ್ಯಾ?" ಎಂದರು.

ಇವರಿಗೆ ಸಿಟ್ಟು ಬರುವುದು ಅಪರೂಪ. ಬಂದರೆ ಮಾತ್ರ ಬಾಯಿಗೆ ಲಗಾಮಿರುವುದಿಲ್ಲ. "ದೀಪಾವಳಿ ಪೂಜಿ ಒಳಗ ಇದರ ಮ್ಯಾಲ ಒಂದು ಗೇರ್ ಕಡದು, ಓಡಿಸಿ ತೋರಸ್ತೀನ್ರಿ. ಆಗಲಿಲ್ಲಂದ್ರ ಮಷೀನ್ ವಾಪಸ್ ತೂಕಕ್ಕ ಹಾಕಿ, ನಿಮ್ಮ ಹತ್ರನ ಪಾನಾ ಹಿಡಿಯಾಕ ಬರ್ತೀನಿ," ಎಂದುಬಿಟ್ಟರು. ಹಮಾಲರು ಕೇಳಿದರು, ಓಣಿಯ ಹೆಂಗಸರು ಕೇಳಿದರು. ಬಾಗಿಲಲ್ಲಿ ನಿಂತಿದ್ದ ನಾನೂ ಕೇಳಿದೆ. ಎಮ್ಮೆಯೂ ಹೋಯಿತು, ಇನ್ನು ಮರ್ಯಾದೆಯನ್ನೂ ಪಣಕ್ಕಿಟ್ಟರಲ್ಲ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಗೋಣಿಚೀಲವನ್ನು ಅಂಗಳದಲ್ಲಿ ಸುರುವಿದರು. ನಮ್ಮ ಅತ್ತೆ ಮುದಕಮ್ಮ ಎಲೆ ಅಡಿಕೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತರು. ನಾನು ಸೀಮೆಎಣ್ಣೆಯ ಬೋಗುಣಿ, ಹಳೆ ಸೀರೆಯ ಚೂರು ಹಿಡಿದು ಕೂತೆ. ಒಂದೊಂದನ್ನೂ ತೊಳೆದು ಒರೆಸಿ ನೆಲಕ್ಕೆ ಹಾಸಿದ ತಾಡಪತ್ರಿಯ ಮೇಲಿಟ್ಟೆವು. ಬಳೆಯಂಥ ಉಕ್ಕಿನ ಉಂಗುರಗಳು ಒಂದು ಗುಂಪು, ತಲೆ ಚಪ್ಪಟೆಯಾದ ಬೋಲ್ಟುಗಳು ಒಂದು ಗುಂಪು. ಸುತ್ತಲೂ ಹಲ್ಲಿರುವ ಬಿಲ್ಲೆಯೊಂದು ಸಿಕ್ಕಿತು. ಅತ್ತೆ ಕೂಡಲೇ, "ಕರ್ಚಿಕಾಯಿ ಕತ್ತರಸೂ ಗಾಲಿ ಅದು. ಇಷ್ಟು ದಪ್ಪ ಯಾಕ ಮಾಡ್ಯಾರ?" ಎಂದರು.

"ಕಟ್ಟರ್ ಬೇ ಯವ್ವ. ಗೇರ್ ಹಲ್ಲು ಕಡಿಯೂದು ಇದ," ಎಂದು ಇವರು ಅದನ್ನು ಮುದ್ದಾಡುವಂತೆ ಸವರಿದರು. ನನ್ನ ಕೈಯನ್ನು ಹಾಗೆ ಹಿಡಿದು ಎಷ್ಟು ವರ್ಷವಾಯಿತೋ!

ಕಟ್ಟರು ಒಂದು ಉದ್ದ ಸಲಾಕೆಗೆ ಕೂರುತ್ತದೆ, ಅದು ಅಲುಗದಂತೆ ಎರಡೂ ಬದಿಗೆ ಬಳೆಗಳು ತುಂಬುತ್ತವೆ ಎಂಬುದು ಮಧ್ಯಾಹ್ನದೊಳಗೆ ತಿಳಿಯಿತು. ಚಪ್ಪಟೆ ಬೋಲ್ಟಿನ ತಲೆ ಮಷೀನಿನ ಮೇಜಿನ ಸಂದಿಯಲ್ಲಿ ಸರಿಯಾಗಿ ಜಾರಿತು, ಅದೂ ಗೊತ್ತಾಯಿತು. ಉಳಿದದ್ದು ಒಂದು ಭಾರದ ಗಡ್ಡೆ. ಒಂದು ಬದಿಗೆ ಕೈಹಿಡಿಕೆ, ಇನ್ನೊಂದು ಬದಿಗೆ ತಿರುಗುವ ಮೂತಿ. ಅತ್ತೆ ಅದನ್ನು ಶಾವಿಗೆ ಯಂತ್ರ ಎಂದು ತೀರ್ಮಾನಿಸಿದರು. ಇವರು ಫೋನಿನಲ್ಲಿ ಹಿಂದಿ ವಿಡಿಯೋ ಹುಡುಕಿ ಹುಡುಕಿ ಕೊನೆಗೆ, "ಡಿವೈಡಿಂಗ್ ಹೆಡ್!" ಎಂದು ಕೂಗಿದರು. ಗುಂಡನೆಯ ವಸ್ತುವನ್ನು ಮೂತಿಗೆ ಸಿಗಿಸಿ ಹಿಡಿಕೆ ತಿರುಗಿಸಿದರೆ, ಅದನ್ನು ಬೇಕಾದಷ್ಟು ಸಮಪಾಲು ಮಾಡಬಹುದಂತೆ. ಗೇರಿನ ಜೀವವೆಲ್ಲ ಅದರಲ್ಲೇ ಇರುವುದಂತೆ.

ವಿಡಿಯೋದವನು ಹೇಳಿದನೆಂದು ಇವರು ನಂಬುವವರಲ್ಲ. ಮೂತಿಗೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದು ಹಿಡಿಕೆ ತಿರುಗಿಸುತ್ತ ಕೂತರು. ಅವರ ಕಣ್ಣು ಗೆರೆಯ ಮೇಲೆ, ನನ್ನ ಕಣ್ಣು ಹಿಡಿಕೆಯ ಮೇಲೆ. ಹಿಡಿಕೆ ಒಂದು ಸುತ್ತು ಮುಗಿಸಿದಂತೆಲ್ಲ ನಾನು ತಟ್ಟೆಗೆ ಒಂದು ಹುಣಸೆ ಬೀಜ ಹಾಕಿದೆ. ಗೆರೆ ತಿರುಗಿ ತನ್ನ ಜಾಗಕ್ಕೆ ಬಂದಾಗ ತಟ್ಟೆಯಲ್ಲಿ ನಲವತ್ತು ಬೀಜವಿದ್ದವು. ವಿಡಿಯೋದವನೂ ಅದನ್ನೇ ಹೇಳಿದ್ದನಂತೆ. ಇವರ ಮುಖ ಬೆಳಗಿತು.

ಆದರೆ ಹಿಡಿಕೆಯ ತುದಿಯಲ್ಲಿ ಸ್ಪ್ರಿಂಗಿನಿಂದ ಮುಂದಕ್ಕೆ ಚಾಚುವ ಒಂದು ಮೊಳೆ ಇತ್ತು. ಅದು ಎಲ್ಲೂ ಕೂರದೆ ಗಾಳಿಯಲ್ಲಿ ನಿಂತಿತ್ತು.

"ಈ ಮೊಳಿ ಯಾತರಾಗ ಹೋಗಬೇಕು?" ಎಂದು ಇವರು ತಲೆ ಕೆರೆದುಕೊಂಡರು. ನಾನು ಫೋನು ಇಸಿದುಕೊಂಡು ವಿಡಿಯೋ ನೋಡಿದೆ. ಅದರಲ್ಲಿ ಹಿಡಿಕೆಯ ಹಿಂದೆ ಒಂದು ದುಂಡು ತಟ್ಟೆ, ಅದರ ತುಂಬ ಸುತ್ತು ಸುತ್ತಾಗಿ ಸಣ್ಣ ತೂತು. ಮೊಳೆ ಹೋಗಿ ಆ ತೂತಿನಲ್ಲಿ ಕೂರುತ್ತಿತ್ತು.

"ರೀ, ಇಂಥಾದ್ದ ಒಂದು ಮುನ್ನಿ ಅಂಗಡ್ಯಾಗ ಈ ಚೀಲದಾಗನ ಇತ್ತಲ್ರಿ? ನೀವ ತಗದು ಒಗದ್ರಿ."

ಇವರು ನನ್ನ ಮುಖ ನೋಡಲಿಲ್ಲ. ಹೌದು, ಇವರೇ ಎತ್ತಿ ಬಿಸಾಕಿದ್ದರು. ಅಕ್ಕಿ ಮಾಡೂ ಹಳೆ ಹಲ್ಲರ್ ಮಷೀನಿನ ಜರಡಿ ನಮಗ್ಯಾಕ ಎಂದು. ಇನ್ನೊಂದು ಊರಿನಲ್ಲಿ ಆಗಿದ್ದರೆ ಯಾರಾದರೂ, ಇದೇನು ಎಂದಾದರೂ ಕೇಳುತ್ತಿದ್ದರು. ಗಂಗಾವತಿಯಲ್ಲಿ ತೂತಿರುವ ತಗಡು ಕಂಡರೆ ಅದು ಅಕ್ಕಿ ಮಿಲ್ಲಿನ ಜರಡಿಯೇ, ಮತ್ತೆ ವಿಚಾರವೇ ಇಲ್ಲ. ಮುನ್ನಿಯೂ ಅದನ್ನು ಜರಡಿಗಳ ಸಾಲಿನಲ್ಲೇ ನೇತುಹಾಕಿದ್ದಳು.

ನಾನೇ ಹೋದೆ. "ಭಾಬಿ, ಇದರಾಗ ಅಕ್ಕಿ ಇಳಿಯೂದಿಲ್ಲ, ನುಚ್ಚೂ ಇಳಿಯೂದಿಲ್ಲ. ಮೂರು ಮಂದಿ ಮಿಲ್ಲಿನವರು ಬಂದು ನೋಡಿ ಬಿಟ್ಟು ಹೋಗ್ಯಾರ. ನೀವರ ಏನ್ ಸೋಸ್ತೀರಿ ಇದರಾಗ?" ಎಂದು ಮುನ್ನಿ ನಕ್ಕಳು.

"ಗಂಡನ ತಲಿ ಸೋಸ್ತೀನಿ," ಎಂದು ಹೇಳಿ ತಂದೆ. ಆ ತಟ್ಟೆ ಹಿಡಿಕೆಯ ಹಿಂದೆ ಕೂತಾಗ, ಮೊಳೆ ಟಕ್ಕೆಂದು ತೂತಿಗೆ ಬಿದ್ದಾಗ, ನಿಜ ಹೇಳುತ್ತೇನೆ, ಎಮ್ಮೆ ಮೊದಲ ಸಲ ಕರು ಹಾಕಿದಾಗ ಆದಂಥ ಸಂತೋಷವಾಯಿತು. ಹೊರಗೆ ತೋರಿಸಿಕೊಳ್ಳಲಿಲ್ಲ ಅಷ್ಟೇ.

ಕೆಲಸ ತಾನಾಗಿಯೇ ಮನೆಗೆ ಬಂತು. ಆನೆಗೊಂದಿಯ ಹುಲಗೆಮ್ಮ ಬಾಳೆ ದಿಂಡಿನ ನಾರಿನಿಂದ ಬುಟ್ಟಿ, ಚೀಲ ಮಾಡಿಸುತ್ತಾಳೆ. ಸಾಣಾಪುರ, ಆನೆಗೊಂದಿಗೆ ಬರುವ ಪ್ರವಾಸಿಗರು ಕೊಳ್ಳುತ್ತಾರೆ. ದಿಂಡಿನಿಂದ ನಾರು ಬಿಡಿಸುವ ಅವಳ ಮಷೀನಿನ ಗೇರು ಹಲ್ಲು ಮುರಿದುಕೊಂಡು ಕೂತಿತ್ತು. ಮಾಂತೇಶಪ್ಪನವರ ಹತ್ತಿರ ಹೋದರೆ, ಇಂಥ ಸಣ್ಣ ಕೆಲಸಕ್ಕೆ ಪುರುಸೊತ್ತಿಲ್ಲ, ಹೊಸ ಮಷೀನೇ ತಗೋ ಎಂದರಂತೆ. ಅವಳು ಮುರಿದ ಗೇರನ್ನು ಸೆರಗಿನಲ್ಲಿ ಕಟ್ಟಿಕೊಂಡು ನಮ್ಮ ಹಿತ್ತಲಿಗೆ ಬಂದಳು.

"ಅಣ್ಣಾರ, ಎಂಟು ಮಂದಿ ಹೆಣ್ಮಕ್ಳು ಕೈ ಕಟಕೊಂಡು ಕುಂತಾರ. ಕೈಲೆ ಕೆರದು ನಾರು ತಗದ್ರ ಬುಟ್ಟಿ ಯಾವಾಗ ಹೆಣಿಯೂದು? ಆಗತೈತೋ ಇಲ್ಲೋ, ಖರೇನ ಹೇಳ್ರಿ."

ಇವರು ಗೇರು ತಿರುಗಿಸಿ ಮುರಿದದ್ದೂ ಸೇರಿ ಹಲ್ಲು ಎಣಿಸಿದರು. ಮೂವತ್ತೆರಡು. ನಮ್ಮ ಕರ್ಚಿಕಾಯಿ ಗಾಲಿಯನ್ನು ತಂದು ಹಳೆಯ ಹಲ್ಲಿನ ಸಂದಿಗೆ ಇಟ್ಟು ಬೆಳಕಿಗೆ ಹಿಡಿದರು. ಎಲ್ಲೂ ಬೆಳಕು ಕಾಣಲಿಲ್ಲ, ಅಷ್ಟು ಸರಿಯಾಗಿ ಕೂತಿತ್ತು. "ಆಗತೈತಿ ತಂಗಿ. ಪೂಜಿ ಒಳಗ ಹಾಕಿ ಕೊಡ್ತೀನಿ," ಎಂದರು.

ನಮ್ಮ ಮನೆಯಲ್ಲಿ ಲೇತ್ ಇಲ್ಲ. ಹಲ್ಲು ಕಡಿಯುವ ಮುಂಚಿನ ದುಂಡು ಉಕ್ಕಿನ ಬಿಲ್ಲೆಯನ್ನು ಮಾಂತೇಶಪ್ಪನವರ ಹತ್ತಿರವೇ ಮಾಡಿಸಬೇಕಾಯಿತು. ಅವರು ಮಾಡಿಕೊಟ್ಟರು. ಅದು ಅವರ ದೊಡ್ಡತನ ಎಂದುಕೊಳ್ಳಬೇಡಿ. "ಒಂದ ಮಾಡೀನಿ. ಇದು ಕೆಟ್ರ ಇನ್ನೊಂದು ಕೇಳಬ್ಯಾಡ, ಸೀದಾ ಕೆಲಸಕ್ಕ ಬಾ," ಎಂದು ಹೇಳಿ ಕೊಟ್ಟರು.

ಹಾಗಾಗಿ ಉಕ್ಕಿಗೆ ಕೈ ಹಚ್ಚುವ ಮೊದಲು ಇವರು ಬೇವಿನ ಹಲಗೆಯಲ್ಲಿ ಬಿಲ್ಲೆ ಮಾಡಿ ಅದರ ಮೇಲೆ ಕಡಿದು ನೋಡಲು ನಿರ್ಧರಿಸಿದರು. ಲೆಕ್ಕ ಹೀಗೆ. ಹಿಡಿಕೆ ನಲವತ್ತು ಸುತ್ತು ತಿರುಗಿದರೆ ಬಿಲ್ಲೆ ಒಂದು ಸುತ್ತು. ಹಲ್ಲು ಮೂವತ್ತೆರಡು ಬೇಕು. ಅಂದರೆ ಒಂದು ಹಲ್ಲಿನಿಂದ ಇನ್ನೊಂದು ಹಲ್ಲಿಗೆ ಹೋಗಲು ಹಿಡಿಕೆ ಪೂರ್ತಿ ಒಂದು ಸುತ್ತು, ಮೇಲೆ ಕಾಲು ಸುತ್ತು. ಆ ಕಾಲು ಸುತ್ತು ಕಣ್ಣಳತೆಗೆ ಸಿಗುವುದಿಲ್ಲ, ಅದಕ್ಕೇ ತೂತಿನ ತಟ್ಟೆ. ಇಪ್ಪತ್ತು ತೂತಿರುವ ದುಂಡು ಸಾಲಿನಲ್ಲಿ ಐದು ತೂತು ಮುಂದೆ ಹೋದರೆ ಅದೇ ಕಾಲು ಸುತ್ತು. ಇದನ್ನು ಇವರು ನನಗೆ ರೊಟ್ಟಿ ಬಡಿಯುವಾಗ ವಿವರಿಸಿದರು. ವಿವರಿಸಿ, "ನಿನಗ ತಿಳಿಯೂದಿಲ್ಲ ಬಿಡು," ಎಂದೂ ಸೇರಿಸಿದರು. ನನಗೆ ತಿಳಿದಿತ್ತು. ರೊಟ್ಟಿಯನ್ನು ಸ್ವಲ್ಪ ಜೋರಾಗಿಯೇ ಬಡಿದೆ.

ಅಂದಿನಿಂದ ಅಡಿಗೆ ಮನೆಯ ಕಿಟಕಿಯಿಂದ ನನಗೆ ಕೇಳುತ್ತಿದ್ದದ್ದು ಒಂದೇ ರಾಗ. ಹಿಡಿಕೆ ಪೂರ್ತಿ ಒಂದು ಸುತ್ತು ಬಂದ ಮೇಲೆ ಇವರ ಧ್ವನಿ. "ಲಾಭ. ಎರಡು. ಮೂರು. ನಾಕು. ಐದು." ಮೊಳೆ ಟಕ್ಕೆನ್ನುವುದು, ಆಮೇಲೆ ಕಟ್ಟರು ಮರ ಕೊರೆಯುವುದು.

ರಾಶಿ ಅಳೆಯುವವರು ಮೊದಲನೆಯ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಲಾಭ, ಎರಡು, ಮೂರು. ಮಾವ ಅಳೆಯುವುದನ್ನು ಕಂಡು ಬೆಳೆದ ಇವರು ನಟ್ಟು ಎಣಿಸಿದರೂ ಲಾಭ, ಹೆಂಚು ಎಣಿಸಿದರೂ ಲಾಭ. ಮದುವೆಯ ಮಂಟಪದಲ್ಲಿ ಹೊಸ ಬಟ್ಟೆ ಎಣಿಸುವಾಗಲೂ ಹಾಗೇ ಅಂದು ನನ್ನ ತವರು ಕುಷ್ಟಗಿಯ ಕಡೆಯವರನ್ನು ನಗಿಸಿದ್ದರು. ಅಂಥ ಮಾತನ್ನು ಗೇರಿನ ಮೇಲೂ ಅನ್ನುತ್ತಿದ್ದಾರಲ್ಲ ಎಂದು ನನಗೆ ಹಿಗ್ಗು. ಮಾಂತೇಶಪ್ಪನವರೇ, ಕೇಳಿಸಿಕೊಳ್ಳಿ, ಭತ್ತ ಅಳೆಯುವವನ ಮಗ ಗೇರು ಕಡಿಯುತ್ತಿದ್ದಾನೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಸಂಜೆಗೆ ಇವರು ಮರದ ಗೇರು ಹಿಡಿದು ಒಳಗೆ ಬಂದರು. ಮುಖ ನೋಡಿಯೇ ಗೊತ್ತಾಯಿತು. ಹಲ್ಲುಗಳೆಲ್ಲ ಚೆಂದ ಸಾಲಾಗಿ ಬಂದು, ಕಡೆಯದೊಂದು ಹಲ್ಲು ಮಾತ್ರ ಉಬ್ಬಿ ದಪ್ಪಗೆ ಕೂತಿತ್ತು. ಎರಡನೇ ಬಿಲ್ಲೆ ಕಡಿದರು, ಅದರಲ್ಲೂ ದಪ್ಪ ಹಲ್ಲು ಅದೇ ಜಾಗದಲ್ಲಿ. ಡಿವೈಡಿಂಗ್ ಹೆಡ್ಡನ್ನು ಪೂರ್ತಿ ಬಿಚ್ಚಿ ಕೂಡಿಸಿದರು. ತಟ್ಟೆಯ ತೂತುಗಳನ್ನು ಸೂಜಿಯಿಂದ ಕೆರೆದು ಸ್ವಚ್ಛ ಮಾಡಿದರು. ಬೋಲ್ಟು ಬಿಗಿದು ನೋಡಿದರು, ಸಡಿಲಿಸಿ ನೋಡಿದರು. ಮೂರನೆಯದರಲ್ಲೂ ಅದೇ ಹಲ್ಲು ನಮ್ಮನ್ನು ನೋಡಿ ನಕ್ಕಿತು.

ಇಂಥ ಹೊತ್ತಿಗೆ ಮಾಂತೇಶಪ್ಪನವರು ಬರದಿದ್ದರೆ ಹೇಗೆ? ಬಂದರು. ಕಟ್ಟೆಯ ಮೇಲಿದ್ದ ಮರದ ಗೇರು ಎತ್ತಿ, ದಪ್ಪ ಹಲ್ಲಿನ ಮೇಲೆ ಹೆಬ್ಬೆರಳು ಒತ್ತಿ, "ಏನ್ ತಂಗಿ, ನಿನ್ನ ಗಂಡ ಗೇರಿಗೆ ದವಡಿ ಹಲ್ಲು ಇಟ್ಟಾನಲ್ಲ?" ಎಂದರು. ತಪ್ಪು ಎಲ್ಲಿದೆಯೆಂದು ಅವರಿಗೆ ಖಂಡಿತ ಗೊತ್ತಿತ್ತು. ಹೇಳಲಿಲ್ಲ. "ಗುಜರಿ ಅಂದ್ರ ಗುಜರಿನ, ಸಿದ್ದೇಶ. ಸವದು ಹೋದ ಸಾಮಾನು ಅದು. ಪೂಜಿ ಆದ ಮರುದಿನ ಬಾ, ನಿನ್ನ ಪಾನಾ ಅಲ್ಲೇ ಇಟ್ಟೀನಿ," ಎಂದು ಹೊರಟರು.

ಇವರಿಗೆ ಸಿಟ್ಟಾದರೂ ಬಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಮಷೀನಿನ ಮೇಲೆ ಗೋಣಿತಟ್ಟು ಹೊದಿಸಿ ಒಳಗೆ ಬಂದು, "ಮುನ್ನಿಗೆ ಫೋನ್ ಮಾಡು. ನಾಳೆ ತೂಕದ ಕಾಟಾ ತರಲಿ," ಎಂದರು.

"ಮಾಡೂದಿಲ್ಲ," ಎಂದೆ.

"ಸುರೇಖಾ, ಮಷೀನ ಸವದೈತಿ. ನಂದೇನೂ ನಡಿಯೂದಿಲ್ಲ."

"ನನ್ನ ಎಮ್ಮಿ ಜಾಗ ತಿಂದ ಮಷೀನು ಇದು. ಇಷ್ಟು ಸಸ್ತಾ ಹೋಗಾಕ ನಾ ಬಿಡೂದಿಲ್ಲ," ಎಂದು ಪಾತ್ರೆ ಕುಕ್ಕಿದೆ. ಹೇಳುವಾಗ ನನಗೇ ಅಳು ಬಂತು. ಈ ಮನುಷ್ಯ ಮತ್ತೆ ಆ ವರ್ಕ್‌ಶಾಪಿಗೆ ಹೋಗಿ ತಲೆ ತಗ್ಗಿಸಿ ಪಾನಾ ಹಿಡಿಯುವುದನ್ನು ನೆನೆದರೆ ನನ್ನಿಂದ ತಡೆಯಲಾಗಲಿಲ್ಲ.

ಮರುದಿನ ಬೆಳಿಗ್ಗೆ ಹುಲಗೆಮ್ಮ ಗೇರು ಆಯಿತೇ ಎಂದು ಕೇಳಲು ಬಂದಳು. ಏನೆಂದು ಹೇಳುವುದು? ಅತ್ತೆಯೇ ಮಾತು ತಿರುಗಿಸಿದರು. ಕುಷ್ಟಗಿಯಿಂದ ನನ್ನ ಅಣ್ಣ ಜೋಳದ ಚೀಲ ಕಳಿಸಿದ್ದ. "ಭತ್ತದ ನಾಡಾಗ ಇಂಥಾ ಬಿಳಿಜೋಳ ಎಲ್ಲಿ ಸಿಗಬೇಕು? ಆ ಹುಡುಗಿಗೆ ಐದು ಸೇರು ಅಳದು ಕೊಡು ಸುರೇಖಾ, ರೊಟ್ಟಿ ಮಾಡಕೊಳ್ಳಲಿ," ಎಂದರು. ಮಾವನ ಕೈಯಲ್ಲಿ ಸವೆದು ಹೊಳೆಯುವ ಹಿತ್ತಾಳೆಯ ಸೇರು ತಂದೆ. ಹುಲಗೆಮ್ಮ ಚೀಲದ ಬಾಯಿ ಹಿಡಿದಳು. ನನ್ನ ತಲೆಯೆಲ್ಲ ಶೆಡ್ಡಿನಲ್ಲಿತ್ತು. ಖಾಲಿ ಸೇರನ್ನು ಜೋಳಕ್ಕೆ ಒತ್ತುತ್ತಲೇ, "ಲಾಭ," ಎಂದೆ. ತುಂಬಿ ಅವಳ ಚೀಲಕ್ಕೆ ಸುರುವಿ, "ಎರಡು," ಎಂದೆ.

"ಏ, ಏ! ನಿಲ್ಲು!" ಅತ್ತೆ ಕಟ್ಟೆಯ ಮೇಲಿಂದ ಎದ್ದೇ ಬಿಟ್ಟರು. "ಖಾಲಿ ಸೇರಿಗೆ ಲಾಭ ಅಂತೀಯಲ್ಲ! ಚೀಲಕ್ಕ ಬಿದ್ದ ಮ್ಯಾಲ ಲಾಭ ಅನ್ನಬೇಕು. ಹಿಂಗ ಅಳದ್ರ ಆ ಹುಡುಗಿಗೆ ಒಂದು ಸೇರು ಕಡಿಮಿ ಬೀಳತೈತಿ. ಈ ಮನಿ ಸೊಸಿ ಆಗಿ ಸೇರು ಹಿಡಿಯಾಕ ಬರಂಗಿಲ್ಲೇನ ನಿನಗ?"

ನಾನು ಸೇರನ್ನು ಎತ್ತಿ ಹಿಡಿದವಳು ಹಾಗೇ ನಿಂತೆ. ಒಂದು ಸೇರು ಕಡಿಮೆ. ಪ್ರತಿ ಸಲ ಒಂದು ಕಡಿಮೆ. ಕಡೆಗೆ ಉಳಿದದ್ದೆಲ್ಲ ಒಂದೇ ಕಡೆ ರಾಶಿ ಬಿದ್ದಿರುತ್ತದೆ. ದಪ್ಪ ಹಲ್ಲು!

ಹುಲಗೆಮ್ಮನನ್ನು ಚೀಲದ ಬಾಯಿ ಹಿಡಿದಂತೆಯೇ ಬಿಟ್ಟು, ಸೇರು ಹಿಡಿದುಕೊಂಡೇ ಹಿತ್ತಲಿಗೆ ಓಡಿದೆ. ಇವರು ಮಷೀನಿನಿಂದ ಮೋಟರು ಕಳಚಲು ಪಾನಾ ಹುಡುಕುತ್ತಿದ್ದರು. ಗೋಣಿತಟ್ಟು ಎಳೆದು ಬಿಸಾಕಿದೆ.

"ರೀ, ಒಂದ್ಸಲ ತೂತು ಎಣಸ್ರಿ. ನನ್ನ ಮುಂದ."

"ಹುಚ್ಚು ಹಿಡದೈತೇನ ನಿನಗ?"

"ಹಿಡದೈತಿ. ಎಣಸ್ರಿ."

ನನ್ನ ಧ್ವನಿ ಕೇಳಿ ಎಣಿಸಿದರೆ ಒಳ್ಳೆಯದು ಅನ್ನಿಸಿರಬೇಕು. ಮೊಳೆ ಕೂತಿದ್ದ ತೂತಿನ ಮೇಲೆಯೇ ಬೆರಳಿಟ್ಟರು. "ಲಾಭ," ಎಂದರು.

"ನಿಲ್ರಿ. ಮೊಳಿ ಎಷ್ಟು ಮುಂದ ಹೋತು?"

"ಇನ್ನಾ ಎಲ್ಲಿ ಹೋಗೈತಿ? ಅಲ್ಲೇ ಐತಲ್ಲ."

"ಮತ್ತ ಲಾಭ ಯಾಕ ಅಂದ್ರಿ?" ಖಾಲಿ ಸೇರನ್ನು ಅವರ ಮುಖದ ಮುಂದೆ ಹಿಡಿದೆ. "ಜೋಳ ಚೀಲಕ್ಕ ಬೀಳೂದ್ಕಿಂತ ಮೊದಲ ಲಾಭ ಅಂತಾರೇನ್ರಿ? ಮೊಳಿ ಕುಂತ ತೂತು ಖಾಲಿ ಸೇರು. ಮುಂದಿನ ತೂತಿಗೆ ಹೋದ ಮ್ಯಾಲ ಲಾಭ. ನೀವು ಐದು ಅಂತ ನಾಕ ತೂತು ಹೋಗೀರಿ. ಹಲ್ಲು ಹಲ್ಲಿಗೂ ಒಂದೊಂದು ತೂತು ಉಳದು, ಎಲ್ಲಾ ಕೂಡಿ ಕಡೀ ಹಲ್ಲಿಗೆ ಬಂದೈತಿ."

ಇವರು ಸೇರು ನೋಡಿದರು, ತಟ್ಟೆ ನೋಡಿದರು, ನನ್ನನ್ನು ನೋಡಿದರು. ನಟ್ಟು ಎಣಿಸುವಾಗ ಇವರ ಲಾಭ ತಪ್ಪುತ್ತಿರಲಿಲ್ಲ, ನಟ್ಟು ಕೈಗೆ ಬಂದ ಮೇಲೆಯೇ ಅನ್ನುತ್ತಿದ್ದರು. ತಟ್ಟೆಯ ಮೇಲೆ ಮಾತ್ರ ಮೊಳೆ ಕೂತ ತೂತೇ ಮೊದಲನೆಯದೆಂದು ಕಣ್ಣು ನಂಬಿಸಿಬಿಟ್ಟಿತ್ತು. ಅಷ್ಟರಲ್ಲಿ ಅತ್ತೆ ಕೋಲೂರಿಕೊಂಡು ಹಿಂದೆಯೇ ಬಂದಿದ್ದರು. ಸಂಗತಿ ಕೇಳಿ ಮಗನಿಗೆ, "ನಿಮ್ಮಪ್ಪ ಹಿಂಗ ಅಳದಿದ್ರ ಮಂದಿ ಕಣದಾಗ ನಿಲ್ಲಗೊಡತಿದ್ದಿಲ್ಲ," ಎಂದರು.

ಇವರು ಉಳಿದಿದ್ದ ಬೇವಿನ ಬಿಲ್ಲೆಯನ್ನು ಮೂತಿಗೆ ಸಿಗಿಸಿದರು. ಒಂದು ಸುತ್ತು ತಿರುಗಿಸಿದರು. ಮೊಳೆ ಇದ್ದ ತೂತನ್ನು ಬಿಟ್ಟು ಮುಂದಿನ ತೂತಿನ ಮೇಲೆ ಬೆರಳಿಟ್ಟು, ಮಾವನಂತೆಯೇ ರಾಗ ಎಳೆದು, "ಲಾಭ," ಎಂದರು. ಹುಲಗೆಮ್ಮನೂ ಬಂದು ನಿಂತಳು. ನಾವು ಮೂವರು ಹೆಂಗಸರು ಗೋಡೆಗೆ ಒರಗಿ ಹಲ್ಲು ಒಂದೊಂದಾಗಿ ಏಳುವುದನ್ನು ನೋಡಿದೆವು. ಒಲೆಯ ಮೇಲೆ ಇಟ್ಟಿದ್ದ ಬೇಳೆ ಸೀದು ವಾಸನೆ ಬಂದರೂ ಯಾರೂ ಅಲುಗಲಿಲ್ಲ. ಕಡೆಯ ಹಲ್ಲು ಮೊದಲನೆಯದರ ಪಕ್ಕಕ್ಕೆ ಬಂದು ನಿಂತಿತು. ಅದರಷ್ಟೇ ಅಗಲ. ಯಾವುದು ಮೊದಲನೆಯದು, ಯಾವುದು ಕಡೆಯದು ಎಂದು ಗುರುತೇ ಸಿಗಲಿಲ್ಲ.

ಉಕ್ಕಿನ ಬಿಲ್ಲೆಯನ್ನು ಪೂಜೆಯ ಹಿಂದಿನ ದಿನ ಕಡಿದರು. ನಾನು ಬೋಗುಣಿ ಹಿಡಿದು ಕಟ್ಟರಿನ ಮೇಲೆ ಎಣ್ಣೆ ಹನಿಸಿದೆ. ಇವರು ಪ್ರತಿ ಹಲ್ಲಿಗೂ ಎಣಿಸಿದರು, ಪ್ರತಿ ಸಲವೂ ಲಾಭ ಎನ್ನುವ ಮೊದಲು ಒಮ್ಮೆ ನನ್ನ ಕಡೆ ನೋಡಿದರು. ನಾನು ತಲೆ ಆಡಿಸಿದ ಮೇಲೆಯೇ ಮುಂದೆ. ಇಷ್ಟು ವರ್ಷದ ಸಂಸಾರದಲ್ಲಿ ಯಾವ ಮಾತಿಗೂ ನನ್ನನ್ನು ಇಷ್ಟು ಸಲ ಕೇಳಿದವರಲ್ಲ. ಒಳಗೊಳಗೇ ಉಬ್ಬಿಹೋದೆ.

ಮಧ್ಯಾಹ್ನ ಗೇರನ್ನು ಹಳೆ ಸೀರೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ನಾನು ಇವರ ಬೈಕಿನ ಹಿಂದೆ ಕೂತೆ. ಗದ್ದೆ ದಾಟಿ, ಬಂಡೆಗುಡ್ಡದ ಮಗ್ಗುಲಿಗೆ ಹೋಗಿ ಆನೆಗೊಂದಿ ಸೇರಿದೆವು. ಹುಲಗೆಮ್ಮನ ಪಡಸಾಲೆಯಲ್ಲಿ ಹೆಣ್ಣುಮಕ್ಕಳೆಲ್ಲ ಕಾಯುತ್ತಿದ್ದರು. ಮಾಂತೇಶಪ್ಪನವರೂ ಇದ್ದರು. ಓಡಿಸಿ ತೋರಿಸುತ್ತೇನೆ ಎಂದಿದ್ದೆನಲ್ಲ, ಬನ್ನಿ ನೋಡಿ ಎಂದು ಇವರೇ ಫೋನು ಮಾಡಿ ಕರೆದಿದ್ದರು. ಗೇರಿಗೆ ಸುತ್ತಿದ್ದ ಬಟ್ಟೆ ಬಿಡಿಸಿ ಇವರ ಕೈಗೆ ಕೊಟ್ಟೆ.

ಗೇರು ಕೂರಿಸಿದರು. ಕೈಯಿಂದ ಒಂದು ಸುತ್ತು ತಿರುಗಿಸಿದರು. ಎಲ್ಲೂ ತಡೆಯಲಿಲ್ಲ. ಸ್ವಿಚ್ಚು ಹಾಕಿದ್ದು ಹುಲಗೆಮ್ಮ. ಮಷೀನು ಒಂದೇ ಧ್ವನಿಯಲ್ಲಿ ತಿರುಗಿತು. ಅವಳು ಬಾಳೆ ದಿಂಡಿನ ಸೀಳೊಂದನ್ನು ಬಾಯಿಗೆ ಕೊಟ್ಟಳು, ಆ ಕಡೆಯಿಂದ ಬೆಳ್ಳನೆಯ ನಾರು ಎಳೆ ಎಳೆಯಾಗಿ ಬಂತು. ಹೆಣ್ಣುಮಕ್ಕಳು ಹೋ ಎಂದರು. ಒಬ್ಬಳು ಆಗಲೇ ನಾರು ಎಳೆದುಕೊಂಡು ಹೊಸೆಯಲು ಕೂತಳು.

ಮಾಂತೇಶಪ್ಪನವರು ಮಷೀನು ನಿಲ್ಲಿಸಲು ಹೇಳಿ, ಕನ್ನಡಕ ಹಾಕಿಕೊಂಡು, ಬಗ್ಗಿ ಹಲ್ಲು ಹಲ್ಲಿನ ಮೇಲೂ ಹೆಬ್ಬೆರಳು ಓಡಿಸಿದರು. ಪೂರ್ತಿ ಸುತ್ತು ನೋಡಿದರು. ದಪ್ಪ ಹಲ್ಲು ಸಿಗಲಿಲ್ಲ. ನೆಟ್ಟಗೆ ನಿಂತು, "ಯಾರು ಕಲಿಸಿದ್ರೋ ನಿನಗ? ಯಾರ ಹತ್ರ ಹೋಗಿದ್ದಿ?" ಎಂದು ಕೇಳಿದರು. ಆ ದನಿಯಲ್ಲಿ ಚೇಷ್ಟೆ ಇರಲಿಲ್ಲ.

ಅಲ್ಲಿ ಇವರು ವಿಡಿಯೋ ನೋಡಿದೆ ಅನ್ನಬಹುದಿತ್ತು. ನಾನೇ ಕಂಡುಕೊಂಡೆ ಅಂದಿದ್ದರೂ ನಾನು ಎದುರು ಮಾತಾಡುತ್ತಿರಲಿಲ್ಲ. ಮನೆಯ ಮರ್ಯಾದೆ ಉಳಿದರೆ ಸಾಕಾಗಿತ್ತು ನನಗೆ. ಇವರು ಎಣ್ಣೆಯ ಕೈ ಒರೆಸಿಕೊಂಡು ನನ್ನ ಕಡೆ ತೋರಿಸಿದರು.

"ಇಕಿನ ನಮ್ಮ ಉಸ್ತಾದ್ ರೀ. ನಮ್ಮಪ್ಪನ ಸೇರು ತಂದು ಮುಖಕ್ಕ ಹಿಡದು ಕಲಿಸ್ಯಾಳ."

ಉಸ್ತಾದ್! ವರ್ಕ್‌ಶಾಪಿನಲ್ಲಿ ಆ ಮಾತನ್ನು ಕೆಲಸ ಕಲಿಸಿದ ಗುರುವಿಗೆ ಬಿಟ್ಟರೆ ಯಾರಿಗೂ ಅನ್ನುವುದಿಲ್ಲ. ಇವರು ಮಾಂತೇಶಪ್ಪನವರಿಗೂ ಸಾಹುಕಾರ್ ಅನ್ನುತ್ತಿದ್ದರೇ ಹೊರತು ಉಸ್ತಾದ್ ಅಂದದ್ದನ್ನು ನಾನು ಕೇಳಿಲ್ಲ. ಆ ಹೆಣ್ಣುಮಕ್ಕಳೆಲ್ಲ ತಿರುಗಿ ನನ್ನನ್ನು ನೋಡಿದರು. ನಾನು ಸೆರಗು ಸರಿಮಾಡಿಕೊಂಡು ಗಂಭೀರವಾಗಿ ನಿಂತೆ. ಹೆಮ್ಮೆ ಅನ್ನುವುದು ಇದೇ ಇರಬೇಕು ಎಂದುಕೊಂಡೆ. ಮಾಂತೇಶಪ್ಪನವರು ನನಗೆ ಕೈಮುಗಿಯಲಿಲ್ಲ, ಅಂಥದ್ದೆಲ್ಲ ಆಗುವುದಿಲ್ಲ. ಆದರೆ ಹೊರಡುವಾಗ ಬೈಕಿನ ಡಬ್ಬಿಯಿಂದ ಇವರ ಹಳೆಯ ಪಾನಾ ತೆಗೆದು ಹುಲಗೆಮ್ಮನ ಕಟ್ಟೆಯ ಮೇಲಿಟ್ಟು ಹೋದರು.

ಮರುದಿನ ದೀಪಾವಳಿ ಪೂಜೆ. ಮಷೀನಿಗೆ ವಿಭೂತಿ ಎಳೆದು, ಚೆಂಡುಹೂವಿನ ಮಾಲೆ ಹಾಕಿದರು ಇವರು. ಡಿವೈಡಿಂಗ್ ಹೆಡ್ಡಿನ ಪಕ್ಕದಲ್ಲಿ ಮಾವನ ಹಿತ್ತಾಳೆಯ ಸೇರನ್ನು ಇಟ್ಟು, ಅದರ ತುಂಬ ಭತ್ತ ಹಾಕಲು ಹೋದರು. ನಾನು ತಡೆದು ನಮ್ಮ ಕುಷ್ಟಗಿಯ ಬಿಳಿಜೋಳ ತುಂಬಿದೆ. ಯಾರೂ ಎದುರಾಡಲಿಲ್ಲ.

ಆರತಿ ಮುಗಿಯುವ ಹೊತ್ತಿಗೆ ಯಲಬುರ್ಗಾದಿಂದ ತಂಗಿಯ ಫೋನು ಬಂತು. ಎಮ್ಮೆ ಮತ್ತೆ ಗಬ್ಬವಾಗಿದೆಯಂತೆ, ಬೇಕಾದರೆ ವಾಪಸು ಕಳಿಸುತ್ತೇನೆ ಎಂದಳು. ಅತ್ತೆ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದರು. "ತರಸಿಬಿಡು ಸುರೇಖಾ. ಹಾಲಿಲ್ಲದ ಮನಿ ಏನ ಮನಿ?" ಎಂದರು. ಇವರು ಆರತಿ ತಟ್ಟೆ ಹಿಡಿದುಕೊಂಡು ನನ್ನ ಬಾಯಿಂದ ಏನು ಬರುತ್ತದೋ ಎಂದು ನೋಡುತ್ತ ನಿಂತರು.

"ಎಲ್ಲಿ ಕಟ್ಟೂದ್ರಿ ಅತ್ತಿ?" ಎಂದೆ. "ಅಲ್ಲಿ ನನ್ನ ಮಷೀನ್ ಐತಲ್ಲ."